ಚಿಂಚಿಲ್ಲದ ಕಿವಿಯೂ ಮಕ್ಕಳ ಕಿವಿಯೂ

ಎಳೆಯ ಮಕ್ಕಳಿರುವ ಮನೆಯಲ್ಲಿ ಕಿವಿನೋವಿನ ರಾತ್ರಿಯನ್ನು ಕಾಣದ ತಾಯಿತಂದೆಗಳು ವಿರಳ. ಎರಡು ದಿನ ಮೂಗು ಸುರಿಸಿಕೊಂಡೇ ಆಡಿಕೊಂಡಿದ್ದ ಕೂಸು ನಡುರಾತ್ರಿಯಲ್ಲಿ ಹಠಾತ್ತಾಗಿ ಎದ್ದು, ಕಿವಿಯನ್ನು ಹಿಡಿದುಕೊಂಡು, ಯಾರು ಎತ್ತಿಕೊಂಡರೂ ಸಮಾಧಾನವಾಗದೆ ಚೀರುವುದು, ಮೈ ಕಾದಿರುವುದು, ಹಾಲು ಕುಡಿಯಲೊಲ್ಲದು. ಬೆಳಗಿನ ಜಾವಕ್ಕೆ ಕಿವಿಯಿಂದ ಕೀವು ಒಸರಿ ದಿಂಬು ತೊಯ್ದೊಡನೆ ನೋವು ತಾನಾಗಿ ಇಳಿದು, ಕೂಸು ದಣಿದು ನಿದ್ರೆಹೋಗುವುದು. "ಕಿವಿ ಸೋರಿತು, ಇನ್ನು ಭಯವಿಲ್ಲ" ಎಂದು ಮನೆಯ ಹಿರಿಯರು ನಿಟ್ಟುಸಿರು ಬಿಡುವರು. ಭಯವು ನಿಜವಾಗಿ ಕಳೆಯಿತೆ ಎಂಬುದು ಬೇರೆ ಪ್ರಶ್ನೆ.

ಈ ವ್ಯಾಧಿಯು ಹೊಸದಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು ಕರ್ಣರೋಗಗಳು ೨೮ ಎಂದು ಎಣಿಸಿ, ಅವುಗಳೊಳಗೆ ಕರ್ಣಶೂಲ, ಕರ್ಣಸ್ರಾವ, ಕರ್ಣಪಾಕ, ಪೂತಿಕರ್ಣ ಎಂಬುವನ್ನೂ ಹೇಳಿದೆ. ನೋವು, ಸೋರಿಕೆ, ಪಕ್ವವಾಗಿ ಕೀವಾಗುವಿಕೆ, ದುರ್ಗಂಧ ಎಂಬ ಈ ನಾಲ್ಕನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಈಗಿನ ವೈದ್ಯರು ಮಧ್ಯಕರ್ಣದ ಉರಿಯೂತವೆಂದು ಕರೆಯುವ ರೋಗದ ಗತಿಯೇ ಕಣ್ಣಮುಂದೆ ನಿಂತಂತಾಗುವುದು. ಹಿಂದಿನವರ ಕಣ್ಣಿಗೆ ಬೀಳದೆ ಹೋದುದು ಆ ರೋಗದ ಬೀಜ. ಅದು ಬರಿಗಣ್ಣಿಗೆ ಕಾಣತಕ್ಕುದಲ್ಲ. ಬೀಜವನ್ನು ಕಂಡಮೇಲೆ ಅದನ್ನು ಕೊಲ್ಲುವ ಔಷಧವೂ ದೊರೆಯಿತು. ಆದರೆ ಆ ಔಷಧವನ್ನು ಎಷ್ಟು ಕೊಡಬೇಕು, ಯಾವಾಗ ಕೊಡಬೇಕು, ಎಷ್ಟು ದಿನ ಕೊಡಬೇಕು, ಕೊಟ್ಟರೂ ಕೆಲವು ಕಿವಿಗಳು ಏಕೆ ಮತ್ತೆ ಮತ್ತೆ ಸೋರುತ್ತವೆ ಎಂಬುವನ್ನು ತಿಳಿಯುವುದಕ್ಕೆ ಮನುಷ್ಯನು ಒಂದು ಸಣ್ಣ ಪ್ರಾಣಿಯ ಬಾಗಿಲಿಗೆ ಹೋಗಬೇಕಾಯಿತು. ಆ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಕಿವಿಯ ರಚನೆಯನ್ನು ಕೊಂಚ ನೋಡೋಣ. ಹೊರಗಿವಿಯ ಕೊಳವೆಯು ಒಳಕ್ಕೆ ಹೋಗಿ ಒಂದು ತೆಳ್ಳನೆಯ ಪೊರೆಯಲ್ಲಿ ಮುಗಿಯುವುದು. ಅದೇ ಕಿವಿತಮಟೆ. ಅದರ ಹಿಂದೆ ಗಾಳಿಯಿಂದ ತುಂಬಿದ ಒಂದು ಚಿಕ್ಕ ಕೋಣೆಯುಂಟು. ಅದರಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಇವುಗಳ ಆಕಾರದ ಮೂರು ಅತಿಸೂಕ್ಷ್ಮವಾದ ಎಲುಬುಗಳು ಒಂದಕ್ಕೊಂದು ತಗುಲಿಕೊಂಡು, ತಮಟೆಯ ಅದುರನ್ನು ಒಳಗಿವಿಗೆ ಮುಟ್ಟಿಸುತ್ತವೆ. ಈ ಕೋಣೆಯೇ ಮಧ್ಯಕರ್ಣ. ಕೋಣೆಗೆ ಹಿತ್ತಿಲ ಬಾಗಿಲಿನಂತೆ ಒಂದು ನಾಳವಿದ್ದು ಅದು ಮೂಗಿನ ಹಿಂಭಾಗಕ್ಕೆ ತೆರೆದುಕೊಳ್ಳುವುದು. ೧೬ನೆಯ ಶತಮಾನದ ಇಟಲಿಯ ಅಂಗರಚನಾಶಾಸ್ತ್ರಜ್ಞನಾದ ಯೂಸ್ಟೇಕಿಯು ಇದನ್ನು ವಿವರಿಸಿದುದರಿಂದ ನಾಳಕ್ಕೆ ಅವನ ಹೆಸರೇ ನಿಂತಿದೆ. ನಾವು ಎಂಜಲು ನುಂಗುವಾಗಲೂ ಆಕಳಿಸುವಾಗಲೂ ಇದು ಕ್ಷಣಕಾಲ ತೆರೆದು, ಒಳಗಿನ ಗಾಳಿಯನ್ನು ಹೊರಗಿನ ಗಾಳಿಯೊಡನೆ ಸಮಮಾಡುವುದು. ಒಳಗೆ ಒಸರಿದ ದ್ರವವನ್ನು ಗಂಟಲಿನತ್ತ ಸಾಗಿಸುವುದು.

ದೊಡ್ಡವರಲ್ಲಿ ಈ ನಾಳವು ಉದ್ದವಾಗಿಯೂ ಇಳಿಜಾರಾಗಿಯೂ ಇರುವುದು. ಶಿಶುಗಳಲ್ಲಿ ಗಿಡ್ಡವಾಗಿ ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿರುವುದು. ಆದುದರಿಂದ ನೆಗಡಿ ಬಂದಾಗ ನಾಳದ ಬಾಯಿ ಊದಿ ಮುಚ್ಚಿಕೊಳ್ಳುವುದೂ, ಮೂಗಿನ ಹಿಂದೆ ಸುಮ್ಮನೆ ವಾಸವಾಗಿದ್ದ ಕ್ರಿಮಿಗಳು ಮೇಲೇರಿ ಕೋಣೆಯನ್ನು ಹೊಗುವುದೂ ಎಳೆಯರಲ್ಲಿಯೇ ಹೆಚ್ಚು. ಆ ಕ್ರಿಮಿಗಳಲ್ಲಿ ಮುಖ್ಯವಾದವು ಮೂರು: ನ್ಯೂಮೊಕಾಕಸ್, ಹೀಮೊಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲ. ಎರಡನೆಯದರ ಹೆಸರನ್ನು ಕೇಳಿ ಅದೇ ಇನ್‌ಫ್ಲುಯೆಂಜ ಜ್ವರವನ್ನು ತರುವುದೆಂದು ತಿಳಿಯಬಾರದು. ಹಿಂದಿನವರು ಹಾಗೆ ಭ್ರಮಿಸಿ ಇಟ್ಟ ಹೆಸರು, ಭ್ರಮೆ ಹರಿದಮೇಲೂ ಉಳಿದುಕೊಂಡಿದೆ.

ಬಹುಪಾಲು ಮಕ್ಕಳಲ್ಲಿ ಈ ರೋಗವು ತಾನಾಗಿಯೇ ಗುಣವಾಗುವುದು ಸತ್ಯ. ಆದರೆ ಪೆನಿಸಿಲಿನ್ನಿಗೂ ಅದರ ಹಿಂದಿನ ಸಲ್ಫಾ ಔಷಧಗಳಿಗೂ ಮುಂಚಿನ ಕಾಲದಲ್ಲಿ ಕೀವು ಕಿವಿಯ ಹಿಂದಿನ ಎಲುಬನ್ನು ತಿಂದು, ಅಲ್ಲಿಂದ ಮಿದುಳಿನ ಪೊರೆಯನ್ನು ಮುಟ್ಟಿ, ಮಕ್ಕಳು ಸಾಯುತ್ತಿದ್ದುದುಂಟು. ಅಷ್ಟು ದೂರ ಹೋಗದಿದ್ದರೂ, ಕೋಣೆಯಲ್ಲಿ ದ್ರವ ನಿಂತುಬಿಟ್ಟರೆ ಮಗುವಿನ ಶ್ರವಣಶಕ್ತಿಯು ಸುಮಾರು ೨೫ ಡೆಸಿಬೆಲ್ಲಿನಷ್ಟು ಕುಗ್ಗಬಹುದು. ಕಿವಿಗೆ ಬೆರಳಿಟ್ಟುಕೊಂಡು ಪಾಠ ಕೇಳಿದಂತೆ ಎನ್ನಬಹುದು. ಮಾತು ಕಲಿಯುವ ವಯಸ್ಸಿನಲ್ಲಿ ತಿಂಗಳುಗಟ್ಟಲೆ ಹೀಗಾದರೆ ಶಬ್ದಗಳ ಕೊನೆಯಕ್ಷರಗಳೇ ಕೂಸಿಗೆ ಕೇಳಿಸವು. ಹಿಂದಿನ ಬೆಂಚಿನಲ್ಲಿ ಕುಳಿತು, ಕರೆದರೆ ತಿರುಗಿ ನೋಡದೆ, 'ಮಂದ'ನೆಂದು ಹೆಸರು ಹೊತ್ತ ಬಾಲಕರಲ್ಲಿ ಎಷ್ಟು ಮಂದಿಯ ಮಾಂದ್ಯವು ಬುದ್ಧಿಯದಲ್ಲ, ಕಿವಿಯದು ಎಂಬುದನ್ನು ಉಪಾಧ್ಯಾಯ ವೃತ್ತಿಯವರು ಯೋಚಿಸತಕ್ಕದ್ದು.

ಇನ್ನು ಔಷಧದ ವಿಷಯ. ಮಗುವಿನ ಕಿವಿಯಲ್ಲಿ ಔಷಧವು ಏನು ಮಾಡುತ್ತಿದೆ ಎಂಬುದನ್ನು ತಿಳಿಯುವುದು ಹೊರಗಿನಿಂದ ತೋರುವಷ್ಟು ಸುಲಭವಲ್ಲ. ನೋಡಬೇಕಾದ ಕೀವು ತಮಟೆಯ ಹಿಂದಿದೆ. ಅದನ್ನು ಪರೀಕ್ಷಿಸಬೇಕಾದರೆ ತಮಟೆಯನ್ನು ಚುಚ್ಚಬೇಕು. ಔಷಧ ಕೊಟ್ಟು ಆರು ಗಂಟೆಗೊಮ್ಮೆ, ಹನ್ನೆರಡು ಗಂಟೆಗೊಮ್ಮೆ ಚುಚ್ಚಿ ನೋಡುತ್ತೇವೆಂದರೆ ಯಾವ ತಾಯಿ ಒಪ್ಪುವಳು? ಹೋಲಿಕೆಗಾಗಿ ಕೆಲವು ಮಕ್ಕಳಿಗೆ ಔಷಧವನ್ನೇ ಕೊಡದೆ ಕೀವು ಎಲ್ಲಿಯವರೆಗೆ ಹೋಗುವುದೋ ನೋಡೋಣವೆನ್ನುವುದಂತೂ ಧರ್ಮವಲ್ಲ. ಮತ್ತೊಂದು ತೊಡಕೂ ಉಂಟು. ತಾನಾಗಿ ಗುಣವಾಗುವ ರೋಗದಲ್ಲಿ ಕೆಲಸಕ್ಕೆ ಬಾರದ ಔಷಧಕ್ಕೂ ಕೀರ್ತಿ ಬಂದುಬಿಡುವುದು. ಅಮೆರಿಕೆಯ ವೈದ್ಯರು ೧೯೯೨ರಲ್ಲಿ ಕಿವಿಯ ಔಷಧಗಳನ್ನು ಕುರಿತು ಇದನ್ನು ಲೆಕ್ಕಹಾಕಿ ತೋರಿಸಿ, ಎಲ್ಲದರಲ್ಲಿಯೂ ಒಳ್ಳೆಯದನ್ನೇ ಕಾಣುವ ಪಾಲಿಯಾನಾ ಎಂಬ ಕಥೆಯ ಹುಡುಗಿಯ ಹೆಸರನ್ನು ಈ ಭ್ರಾಂತಿಗೆ ಇಟ್ಟರು. ಮಗುವಿನ ಅಳು ನಿಂತಿತೆಂದರೆ ಕ್ರಿಮಿ ಸತ್ತಿತೆಂದು ಅರ್ಥವಲ್ಲ. ಕ್ರಿಮಿ ಸತ್ತಿತೇ ಇಲ್ಲವೇ ಎಂಬುದನ್ನು ಕಂಡುಹಿಡಿಯಬೇಕಾದರೆ ಕಿವಿಯೊಳಕ್ಕೇ ಹೋಗಬೇಕು.

ಪ್ರಾಣಿಗಳ ಮೇಲೆ ಔಷಧವನ್ನು ಪರೀಕ್ಷಿಸುವ ಪದ್ಧತಿ ಆ ವೇಳೆಗೆ ಬಳಕೆಗೆ ಬಂದಿದ್ದಿತು. ೧೯೪೦ನೆಯ ಇಸವಿ ಮೇ ೨೫ರಂದು ಆಕ್ಸ್‌ಫರ್ಡಿನಲ್ಲಿ ಫ್ಲೋರಿ ಮತ್ತು ಅವನ ಸಂಗಡಿಗರು ಎಂಟು ಇಲಿಗಳಿಗೆ ಪ್ರಾಣಾಂತಿಕವಾದ ಸ್ಟ್ರೆಪ್ಟೊಕಾಕಸ್ ಕ್ರಿಮಿಯನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮರುದಿನ ಬೆಳಗ್ಗೆ ಔಷಧ ಪಡೆಯದ ನಾಲ್ಕೂ ಸತ್ತಿದ್ದುವು, ಪಡೆದ ನಾಲ್ಕೂ ಬದುಕಿದ್ದುವು. ಇದು ಅನೇಕರು ಬಲ್ಲ ಸಂಗತಿ. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಅಂದು ಇಲಿಗೆ ಬದಲಾಗಿ ಗಿನಿಹಂದಿಯನ್ನು ಆರಿಸಿಕೊಂಡಿದ್ದರೆ ಪೆನಿಸಿಲಿನ್ ವಿಷವೆಂದು ಬದಿಗೆ ಬೀಳುತ್ತಿದ್ದಿತೋ ಏನೋ. ಆ ಪ್ರಾಣಿಯ ಕರುಳಿನಲ್ಲಿ ಹುಲ್ಲನ್ನು ಜೀರ್ಣಿಸುವ ಉಪಕಾರಿ ಕ್ರಿಮಿಗಳು ಪೆನಿಸಿಲಿನ್ನಿನಿಂದ ನಾಶವಾಗಿ, ಅವುಗಳ ಸ್ಥಾನವನ್ನು ವಿಷಕ್ರಿಮಿಗಳು ಆಕ್ರಮಿಸಿ, ಪ್ರಾಣಿ ಸಾಯುವುದು. ಇದು ೧೯೪೩ರಲ್ಲಿಯೇ ಕಂಡುಬಂದಿತು. ಯಾವ ಪ್ರಶ್ನೆಗೆ ಯಾವ ಪ್ರಾಣಿಯನ್ನು ಕೇಳಬೇಕೆಂಬುದೂ ಒಂದು ವಿದ್ಯೆಯೇ.

ಕಿವಿಯ ಪ್ರಶ್ನೆಗೆ ಉತ್ತರ ಕೊಟ್ಟ ಪ್ರಾಣಿ ಚಿಂಚಿಲ್ಲ. ದಕ್ಷಿಣ ಅಮೆರಿಕೆಯ ಆಂಡೀಸ್ ಪರ್ವತಗಳ ಬೆಣಚುಗಲ್ಲಿನ ಬೋಳು ಇಳಿಜಾರುಗಳು ಇದರ ತವರು. ಅರ್ಧ ಕಿಲೋಗ್ರಾಮಿನಷ್ಟು ತೂಕ, ಮೊಲಕ್ಕೂ ಅಳಿಲಿಗೂ ನಡುವಿನ ರೂಪು, ಬೂದಿಬಣ್ಣ. ಒಂದೊಂದು ರೋಮಕೂಪದಿಂದ ೫೦ಕ್ಕೂ ಮಿಕ್ಕ ಎಳೆಗಳು ಹೊರಡುವುದರಿಂದ ಅದರ ತುಪ್ಪಟವು ರೇಷ್ಮೆಯನ್ನೂ ನಾಚಿಸುವಷ್ಟು ನುಣುಪು. ಈ ನುಣುಪೇ ಅದಕ್ಕೆ ಮೃತ್ಯುವಾಯಿತು. ಯೂರೋಪು ಅಮೆರಿಕೆಗಳ ಶ್ರೀಮಂತ ಸ್ತ್ರೀಯರ ನಿಲುವಂಗಿಗಳಿಗಾಗಿ ಬೇಟೆಯಾಡಿ ಆಡಿ, ೨೦ನೆಯ ಶತಮಾನದ ಆರಂಭಕ್ಕೆ ಕಾಡು ಚಿಂಚಿಲ್ಲಗಳು ಹೇಳಹೆಸರಿಲ್ಲದಂತೆ ಆಗುತ್ತ ಬಂದಿದ್ದುವು. ೧೯೨೩ರಲ್ಲಿ ಮಥಾಯಸ್ ಚಾಪ್‌ಮನ್ ಎಂಬ ಗಣಿಯ ಇಂಜಿನಿಯರು ೧೧ ಚಿಂಚಿಲ್ಲಗಳನ್ನು ಚಿಲಿ ದೇಶದಿಂದ ಹಡಗಿನಲ್ಲಿ ಜೋಪಾನವಾಗಿ ಕ್ಯಾಲಿಫೋರ್ನಿಯಕ್ಕೆ ತಂದನು. ಅಮೆರಿಕೆಯಲ್ಲಿ ಸಾಕುವ ಚಿಂಚಿಲ್ಲಗಳಲ್ಲಿ ಬಹುಭಾಗವು ಆ ಹನ್ನೊಂದರ ಸಂತತಿಯೆಂದು ಹೇಳುವರು.

ತುಪ್ಪಟಕ್ಕಾಗಿ ಸಾಕಿದ ಪ್ರಾಣಿಯು ವೈದ್ಯರಿಗೆ ಬೇಕಾದುದು ಅದರ ಕಿವಿಯ ದೆಸೆಯಿಂದ. ಚಿಂಚಿಲ್ಲದ ಮಧ್ಯಕರ್ಣವು ಬುಲ್ಲಾ ಎಂಬ ಎಲುಬಿನ ದೊಡ್ಡ ಗುಳ್ಳೆಯೊಳಗೆ ಇದೆ. ದೇಹದ ಅಳತೆಗೆ ಹೋಲಿಸಿದರೆ ಅದು ಅತಿ ವಿಶಾಲ. ಗುಳ್ಳೆಯ ಮೇಲ್ಗೋಡೆಯು ಮೊಟ್ಟೆಯ ಚಿಪ್ಪಿನಂತೆ ತೆಳ್ಳಗಿದ್ದು, ತಲೆಯ ಮೇಲ್ಭಾಗದಲ್ಲಿ ಚರ್ಮದ ಅಡಿಯಲ್ಲಿಯೇ ಸಿಕ್ಕುವುದು. ಆದುದರಿಂದ ಕಿವಿತಮಟೆಯನ್ನು ಮುಟ್ಟದೆ, ಮೇಲಿನಿಂದಲೇ ಸಣ್ಣ ಸೂಜಿಯನ್ನು ಇಳಿಸಿ, ಒಳಗಿನ ದ್ರವವನ್ನು ಮತ್ತೆ ಮತ್ತೆ ತೊಟ್ಟಿನಷ್ಟು ತೆಗೆದು ನೋಡಬಹುದು. ಅದರ ಶ್ರವಣದ ವ್ಯಾಪ್ತಿಯೂ ಮನುಷ್ಯನದಕ್ಕೆ ಸಮೀಪ. ಎಲ್ಲಕ್ಕಿಂತ ಮುಖ್ಯವಾಗಿ, ಚಿಂಚಿಲ್ಲಕ್ಕೆ ತಾನಾಗಿ ಕಿವಿಯ ಕೀವು ಬರುವುದು ಅಪರೂಪ. ಬಂದರೆ ಅದು ನಾವು ತಂದುದೇ ಎಂದು ನಂಬಬಹುದು. ಒಂದು ವಿಚಿತ್ರವೆಂದರೆ, ಗಿನಿಹಂದಿಯ ಬಂಧುವಾದ ಇದಕ್ಕೂ ಪೆನಿಸಿಲಿನ್ ಜಾತಿಯ ಔಷಧಗಳನ್ನು ಬಾಯಿಂದ ಕೊಟ್ಟರೆ ಕರುಳು ಕೆಟ್ಟು ಪ್ರಾಣಾಪಾಯವಾಗುವುದು. ಮಕ್ಕಳ ಕಿವಿಗೆ ಅಮಾಕ್ಸಿಸಿಲಿನ್ ಎಷ್ಟು ಬೇಕೆಂದು ತಿಳಿಸಿದ ಪ್ರಾಣಿಯು ತಾನು ಅದನ್ನು ನುಂಗಿ ಬದುಕಲಾರದು!

ಅಮೆರಿಕೆಯ ಮಿನಿಸೋಟ ವಿಶ್ವವಿದ್ಯಾಲಯದಲ್ಲಿ ಶಿಶುವೈದ್ಯರಾದ ಸ್ಕಾಟ್ ಗೀಬಿಂಕ್ ಮತ್ತು ಅವರ ಸಹಚರರು ೧೯೭೬ರಲ್ಲಿ ಚಿಂಚಿಲ್ಲದ ಬುಲ್ಲಾದೊಳಕ್ಕೆ ನ್ಯೂಮೊಕಾಕಸನ್ನು ಬಿಟ್ಟು, ಮಗುವಿನ ರೋಗವನ್ನೇ ಹೋಲುವ ರೋಗವು ಹುಟ್ಟುವುದನ್ನು ತೋರಿಸಿದರು. ಮುಂದೆ ೧೯೮೦ರಲ್ಲಿ ಪ್ರಕಟವಾದ ಪ್ರಯೋಗವು ನನ್ನ ಮಟ್ಟಿಗೆ ಈ ಇಡೀ ಸಾಲಿನಲ್ಲಿ ಅತ್ಯಂತ ಸುಂದರವಾದುದು. ಈ ಸಲ ಅವರು ಕಿವಿಯೊಳಕ್ಕೆ ಚುಚ್ಚಲಿಲ್ಲ. ಮಕ್ಕಳಿಗೆ ಬರುವ ದಾರಿಯಲ್ಲಿಯೇ, ಮೂಗಿನಲ್ಲಿ ಬಿಟ್ಟರು. ಕೆಲವು ಪ್ರಾಣಿಗಳಿಗೆ ನ್ಯೂಮೊಕಾಕಸ್ ಮಾತ್ರ, ಕೆಲವಕ್ಕೆ ಇನ್‌ಫ್ಲುಯೆಂಜ ವೈರಸ್ ಮಾತ್ರ, ಉಳಿದವಕ್ಕೆ ಎರಡೂ. ವೈರಸ್ ಒಂದನ್ನೇ ಪಡೆದವುಗಳಲ್ಲಿ ಕಿವಿ ಕೆಟ್ಟುದು ಎಲ್ಲೋ ಒಂದೆರಡಕ್ಕೆ. ನ್ಯೂಮೊಕಾಕಸ್ ಒಂದನ್ನೇ ಪಡೆದವುಗಳಲ್ಲಿ ಐದಕ್ಕೊಂದರಷ್ಟು. ಎರಡನ್ನೂ ಪಡೆದವುಗಳಲ್ಲಿ ಮೂರಕ್ಕೆರಡರಷ್ಟು. ನೆಗಡಿಯ ಬೆನ್ನಲ್ಲಿಯೇ ಕಿವಿನೋವು ಬರುವುದೆಂದು ಅಜ್ಜಿಯರು ಹೇಳುತ್ತಿದ್ದುದಕ್ಕೆ ಇಲ್ಲಿ ಪ್ರಮಾಣ ದೊರೆಯಿತು. ವೈರಸ್ಸು ನಾಳದ ಒಳಪೊರೆಯನ್ನು ಕೆಡಿಸಿ, ಕೋಣೆಯೊಳಗಿನ ಗಾಳಿಯೊತ್ತಡವನ್ನು ತಗ್ಗಿಸಿ, ಕ್ರಿಮಿಗಳನ್ನು ನುಂಗಬೇಕಾದ ಬಿಳಿಯ ರಕ್ತಕಣಗಳನ್ನು ಮಂಕುಮಾಡುವುದೆಂದು ಇದೇ ತಂಡದವರು ಮುಂದೆ ಕಂಡರು. ಕಳ್ಳನಿಗೆ ಬಾಗಿಲು ತೆರೆದವನೂ ಕಾವಲುಗಾರನಿಗೆ ಮದ್ದು ಹಾಕಿದವನೂ ಒಬ್ಬನೇ.

ಹೀಗೆ ರೋಗವನ್ನು ಕೈವಶಮಾಡಿಕೊಂಡಮೇಲೆ ಔಷಧದ ಪರೀಕ್ಷೆ. ಇಲ್ಲಿ ಒಂದು ಅನಿರೀಕ್ಷಿತ ಸಂಗತಿ ಎದುರಾಯಿತು. ಪೆನಿಸಿಲಿನ್ ಕ್ರಿಮಿಯನ್ನು ಕೊಲ್ಲುವುದು ಅದರ ಹೊರಗೋಡೆಯನ್ನು ಒಡೆದು. ಒಡೆದ ಗೋಡೆಯ ಚೂರುಗಳು ಎಲ್ಲಿಗೆ ಹೋಗುವುವು? ಅವು ಕೋಣೆಯಲ್ಲಿಯೇ ಬಿದ್ದಿರುವುವು. ಗೀಬಿಂಕರ ತಂಡದವರು ೧೯೮೮ರಲ್ಲಿ ಜೀವಂತ ಕ್ರಿಮಿ ಒಂದೂ ಇಲ್ಲದೆ, ನ್ಯೂಮೊಕಾಕಸಿನ ಗೋಡೆಯ ಪದಾರ್ಥವನ್ನು ಮಾತ್ರ ಚಿಂಚಿಲ್ಲದ ಕಿವಿಯೊಳಗಿಟ್ಟರೂ ಊತವೂ ದ್ರವವೂ ತೋರುವುದನ್ನು ಕಂಡರು. ಎಂದರೆ, ಶತ್ರುವಿನ ಹೆಣವೂ ಉರಿಯನ್ನು ಹುಟ್ಟಿಸಬಲ್ಲುದು. ಕ್ರಿಮಿಗಳು ಕೋಟಿಗಟ್ಟಲೆ ಬೆಳೆದಮೇಲೆ ಔಷಧ ಕೊಟ್ಟರೆ ಹೆಣಗಳ ರಾಶಿ ದೊಡ್ಡದು. ಕೆಲವೇ ಇರುವಾಗ ಕೊಟ್ಟರೆ ಚಿಕ್ಕದು. ಪೆನಿಸಿಲಿನ್ನನ್ನು ಸೋಂಕಿದ ೧೨ ಗಂಟೆಗಳಿಗೆ ಆರಂಭಿಸುವುದಕ್ಕೂ ೩೬ ಗಂಟೆಗಳಿಗೆ ಆರಂಭಿಸುವುದಕ್ಕೂ ಉರಿಯೂತದ ಗತಿಯಲ್ಲಿ ಅಂತರವಿದೆಯೆಂದು ೧೯೯೫ರಲ್ಲಿ ಅದೇ ತಂಡವು ತಿಳಿಸಿತು. ಔಷಧ ಕೊಟ್ಟು ಕ್ರಿಮಿ ಸತ್ತ ಮೇಲೂ ಕಿವಿಯೊಳಗಿನ ದ್ರವವು ವಾರಗಟ್ಟಲೆ ಇಳಿಯದಿರುವುದು ಏಕೆಂದು ಕೇಳುವ ತಂದೆತಾಯಿಗಳಿಗೆ ಉತ್ತರವು ಒಂದಷ್ಟು ಇಲ್ಲಿದೆ.

ಎಷ್ಟು ಕೊಡಬೇಕೆಂಬ ಪ್ರಶ್ನೆಯ ಇತಿಹಾಸ ಇನ್ನೂ ಹಳೆಯದು. ಪೆನಿಸಿಲಿನ್ ಬಂದ ಹೊಸದರಲ್ಲಿ ಹೆಚ್ಚು ಕೊಟ್ಟಷ್ಟೂ ಹೆಚ್ಚು ಗುಣವೆಂದು ಎಲ್ಲರೂ ನಂಬಿದ್ದರು. ಹ್ಯಾರಿ ಈಗಲ್ ಎಂಬ ವಿಜ್ಞಾನಿಯು ಪ್ರಾಣಿಗಳಲ್ಲಿ ಪರೀಕ್ಷಿಸಿ, ೧೯೫೦ರಲ್ಲಿ ಬೇರೊಂದು ಮಾತನ್ನು ಹೇಳಿದನು. ಕ್ರಿಮಿಯ ಬೆಳವಣಿಗೆಯನ್ನು ತಡೆಯಲು ಬೇಕಾದ ಒಂದು ಕನಿಷ್ಠ ಪ್ರಮಾಣವುಂಟು. ಔಷಧವು ಆ ಗೆರೆಗಿಂತ ಎಷ್ಟು ಎತ್ತರಕ್ಕೆ ಏರಿತೆಂಬುದು ಮುಖ್ಯವಲ್ಲ, ಆ ಗೆರೆಯ ಮೇಲೆ ಎಷ್ಟು ಹೊತ್ತು ನಿಂತಿತೆಂಬುದು ಮುಖ್ಯ. ಒಲೆಯ ಮೇಲೆ ಬೇಳೆ ಬೇಯಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಗ್ಗನೆ ಉರಿದು ಆರಿಹೋಗುವ ಬೆಂಕಿಯಲ್ಲಿ ಬೇಳೆ ಬೇಯದು. ಹದವಾದ ಉರಿ ಹೊತ್ತುಹೊತ್ತಿಗೆ ಬಿಡದೆ ಇರಬೇಕು. ಮಧ್ಯಕರ್ಣದ ರೋಗದಲ್ಲಿಯೂ ಪೆನಿಸಿಲಿನ್ ಜಾತಿಯ ಔಷಧಗಳು ಎರಡು ಸೇವನೆಗಳ ನಡುವಣ ಕಾಲದಲ್ಲಿ ೧೦೦ಕ್ಕೆ ಸುಮಾರು ೪೦ ಪಾಲಿನಷ್ಟಾದರೂ ಈ ಗೆರೆಯ ಮೇಲಿದ್ದರೆ ಬಹುಪಾಲು ಕಿವಿಗಳು ಕ್ರಿಮಿರಹಿತವಾಗುವುವೆಂದು ಕ್ರೇಗ್ ಮತ್ತು ಆಂಡೀಸ್ ಎಂಬ ವೈದ್ಯರು ೧೯೯೬ರಲ್ಲಿ ಲೆಕ್ಕಹಾಕಿದರು. ಅಮಾಕ್ಸಿಸಿಲಿನ್ ರಕ್ತದಲ್ಲಿ ಸುಮಾರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತ ಹೋಗುವುದು. ಹೊತ್ತಿಗೆ ಸರಿಯಾಗಿ ದಿನಕ್ಕೆ ಎರಡು ಸಲ, ಮೂರು ಸಲ ಎಂದು ಡಾಕ್ಟರು ಬರೆದುಕೊಡುವುದರ ಮರ್ಮ ಇದೇ. ಬೆಳಗಿನದನ್ನು ಮರೆತು, ರಾತ್ರಿ ಎರಡರಷ್ಟು ಕುಡಿಸಿದರೆ ಸಮವಾಗುವುದೆಂದು ಕೆಲವರು ತಿಳಿದಿರುವರು. ಸಮವಾಗದು, ಗೆರೆಯ ಕೆಳಗೆ ಕಳೆದ ಹಗಲಿನಲ್ಲಿ ಕ್ರಿಮಿಯು ತನ್ನ ಸಂಸಾರವನ್ನು ಮತ್ತೆ ಹೂಡಿರುವುದು.

ಆ ಗೆರೆಯೂ ಒಂದೇ ಕಡೆ ನಿಂತಿರುವುದಲ್ಲ. ನ್ಯೂಮೊಕಾಕಸಿನ ಕೆಲವು ವಂಶಗಳು ಪೆನಿಸಿಲಿನ್ನು ತಗಲುವ ತಮ್ಮ ಅಂಗವನ್ನೇ ಮಾರ್ಪಡಿಸಿಕೊಂಡಿವೆ. ಅವುಗಳಿಗೆ ಹೆಚ್ಚು ಪ್ರಮಾಣ ಬೇಕು. ಹೀಮೊಫಿಲಸಿನ ಕೆಲವು ವಂಶಗಳು ಔಷಧವನ್ನೇ ಕತ್ತರಿಸುವ ಒಂದು ಕಿಣ್ವವನ್ನು ಸುರಿಸುವುವು. ಅವುಗಳಿಗೆ ಪ್ರಮಾಣವನ್ನು ಏರಿಸಿ ಪ್ರಯೋಜನವಿಲ್ಲ, ಆ ಕತ್ತರಿಯನ್ನು ಹಿಡಿದು ನಿಲ್ಲಿಸುವ ಕ್ಲಾವುಲನಿಕ್ ಆಮ್ಲವನ್ನು ಜೊತೆಗೆ ಕೊಡಬೇಕು. ಇಂಥ ಸೂಕ್ಷ್ಮಗಳನ್ನು ಚಿಂಚಿಲ್ಲದಲ್ಲಿ ಮಾತ್ರವಲ್ಲದೆ ಮಂಗೋಲಿಯದ ಜೆರ್ಬಿಲ್ ಎಂಬ ಮರುಭೂಮಿಯ ಇಲಿಯಲ್ಲಿಯೂ ಸಾಧಾರಣ ಇಲಿಯಲ್ಲಿಯೂ ಯೂರೋಪಿನ ಪ್ರಯೋಗಶಾಲೆಗಳವರು ಪರೀಕ್ಷಿಸಿದ್ದಾರೆ.

ಇಷ್ಟಾದರೂ ಒಂದು ಒಗಟು ಉಳಿದಿದ್ದಿತು. ತಿಂಗಳುಗಟ್ಟಲೆ ದ್ರವ ನಿಂತ ಮಕ್ಕಳ ಕಿವಿಯಿಂದ ಆ ದ್ರವವನ್ನು ತೆಗೆದು ಕ್ರಿಮಿಗಳನ್ನು ಬೆಳೆಸುವ ತಟ್ಟೆಯಲ್ಲಿಟ್ಟರೆ ಅನೇಕ ಸಲ ಏನೂ ಬೆಳೆಯದು. ಕ್ರಿಮಿಯಿಲ್ಲವೆಂದು ವೈದ್ಯರು ನಿರ್ಣಯಿಸುತ್ತಿದ್ದರು. ಪಿಟ್ಸ್‌ಬರ್ಗ್ ನಗರದ ಕ್ರಿಸ್ಟೋಫರ್ ಪೋಸ್ಟ್, ಗಾರ್ತ್ ಅರ್ಲಿಕ್ ಮೊದಲಾದವರು ೧೯೯೫ರಲ್ಲಿ ಇಂಥ ೯೭ ಮಾದರಿಗಳನ್ನು ಹೊಸ ರೀತಿಯಲ್ಲಿ, ಕ್ರಿಮಿಯ ವಂಶಸೂತ್ರವಾದ ಡಿಎನ್‌ಎ ಇದೆಯೇ ಎಂದು ನೋಡಿದರು. ತಟ್ಟೆಯಲ್ಲಿ ಬೆಳೆದುದು ೨೮ ಮಾತ್ರ. ಡಿಎನ್‌ಎ ಸಿಕ್ಕಿದುದು ೭೫ರಲ್ಲಿ. ಕೂಡಲೇ ಆಕ್ಷೇಪ ಹುಟ್ಟಿತು. ಅದು ಸತ್ತ ಕ್ರಿಮಿಯ ಪಳೆಯುಳಿಕೆ ಇರಬಾರದೇಕೆ? ಸ್ಮಶಾನದಲ್ಲಿ ಎಲುಬು ಸಿಕ್ಕಿದಮಾತ್ರಕ್ಕೆ ಊರು ಜೀವಂತವಾಗಿದೆಯೆನ್ನಬಹುದೆ?

ಆಕ್ಷೇಪಕ್ಕೆ ಸಮಾಧಾನವನ್ನು ಕೊಟ್ಟುದು ಮತ್ತೆ ಚಿಂಚಿಲ್ಲವೇ. ಒಂದು ಕಿವಿಗೆ ಕೊಂದ ಕ್ರಿಮಿಯನ್ನೋ ಶುದ್ಧವಾದ ಡಿಎನ್‌ಎಯನ್ನೋ ಹಾಕಿ ನೋಡಿದರು: ಮೂರು ದಿನಗಳೊಳಗಾಗಿ ಅದರ ಸುಳಿವೇ ಇಲ್ಲದಂತಾಯಿತು. ಜೀವಂತ ಕ್ರಿಮಿಯನ್ನು ಹಾಕಿ, ಔಷಧ ಕೊಟ್ಟು, ತಟ್ಟೆಯಲ್ಲಿ ಏನೂ ಬೆಳೆಯದ ಸ್ಥಿತಿಗೆ ತಂದ ಕಿವಿಯಲ್ಲಿಯಾದರೋ ವಾರಗಳ ತರುವಾಯವೂ ಡಿಎನ್‌ಎ ಸಿಕ್ಕುತ್ತಲೇ ಇದ್ದಿತು. ಎಂದಮೇಲೆ ಅದು ಎಲುಬಲ್ಲ. ಯಾರೋ ಅಡಗಿಕೊಂಡು ಉಸಿರಾಡುತ್ತಿರುವರು. ತರ್ಕಶಾಸ್ತ್ರವನ್ನು ಓದಿದವರಿಗೆ ಅನ್ವಯವ್ಯತಿರೇಕಗಳೆರಡನ್ನೂ ಹೀಗೆ ಒಂದೇ ಪ್ರಯೋಗದಲ್ಲಿ ಜೋಡಿಸಿದುದನ್ನು ನೋಡಿ ಸಂತೋಷವಾಗದಿರದು.

ಅಡಗಿದ ಸ್ಥಳವು ೨೦೦೨ರಲ್ಲಿ ಕಂಡಿತು. ಅರ್ಲಿಕ್ ಮತ್ತು ಪೋಸ್ಟ್ ಅವರು ಹೀಮೊಫಿಲಸ್ ಹಾಕಿದ ಚಿಂಚಿಲ್ಲದ ಮಧ್ಯಕರ್ಣದ ಒಳಪೊರೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಲಾಗಿ, ಕ್ರಿಮಿಗಳು ಬಿಡಿಬಿಡಿಯಾಗಿ ತೇಲುತ್ತಿರದೆ, ಪೊರೆಗೆ ಅಂಟಿಕೊಂಡು, ಒಂದರಮೇಲೊಂದು ಕೇರಿಕಟ್ಟಿಕೊಂಡು, ತಮ್ಮ ಸುತ್ತ ಲೋಳೆಯ ಕೋಟೆಯನ್ನು ಹಾಕಿಕೊಂಡಿದ್ದುವು. ಇದಕ್ಕೆ ಬಯೋಫಿಲ್ಮ್ ಎಂದು ಹೆಸರು. ಬಾವಿಯ ಮೆಟ್ಟಿಲ ಮೇಲಣ ಜಾರಿಕೆಯೂ ತಿಕ್ಕದ ಹಲ್ಲಿನ ಮೇಲಣ ಪಾಚಿಯೂ ಇದೇ ಜಾತಿ. ಕಿವಿಯಲ್ಲಿ ಒಂದು ದಿನದೊಳಗೇ ಅದು ಕಟ್ಟಲಾರಂಭಿಸಿ ೨೧ ದಿನಗಳವರೆಗೂ ಇದ್ದಿತು. ಕೋಟೆಯೊಳಗಿನ ಕ್ರಿಮಿಯು ನಿಧಾನವಾಗಿ ಜೀವಿಸುವುದು, ಬೆಳೆಯುವುದಂತೂ ಬಹಳ ಮೆಲ್ಲಗೆ. ಬೆಳೆಯುವ ಗೋಡೆಯನ್ನು ಒಡೆಯುವ ಪೆನಿಸಿಲಿನ್ನಿಗೆ ಬೆಳೆಯದವನ ಮೇಲೆ ಹಿಡಿತವಿಲ್ಲ. ತೇಲುವ ಕ್ರಿಮಿಯನ್ನು ಕೊಲ್ಲುವ ಪ್ರಮಾಣದ ಎಷ್ಟೋ ಪಾಲು ಹೆಚ್ಚು ಬೇಕಾಗುವುದು. ಔಷಧವನ್ನು ನಿಲ್ಲಿಸಿದಮೇಲೆ ಮುಂದಿನ ನೆಗಡಿಗೆ ಕೋಟೆಯ ಬಾಗಿಲು ತೆರೆದು ಹೊಸ ದಂಡು ಹೊರಡುವುದು. ನಾಲ್ಕು ವರ್ಷಗಳ ಮೇಲೆ, ೨೦೦೬ರಲ್ಲಿ, ಇದನ್ನೇ ಮಕ್ಕಳಲ್ಲಿ ನೋಡಿದರು: ಕಿವಿಗೆ ಕೊಳವೆ ಹಾಕಿಸಿಕೊಳ್ಳಲು ಬಂದ ೨೬ ಮಕ್ಕಳಿಂದ ತೆಗೆದ ಒಳಪೊರೆಯ ೫೦ ತುಣುಕುಗಳಲ್ಲಿ ೪೬ರಲ್ಲಿ ಬಯೋಫಿಲ್ಮ್ ಇದ್ದಿತು, ಬೇರೆ ಕಾರಣಕ್ಕಾಗಿ ಶಸ್ತ್ರಚಿಕಿತ್ಸೆಗೆ ಬಂದವರ ಪೊರೆಗಳಲ್ಲಿ ಇರಲಿಲ್ಲ. ಚಿಂಚಿಲ್ಲವು ಹೇಳಿದುದು ಸುಳ್ಳಾಗಲಿಲ್ಲ.

ಕೋಟೆಯನ್ನು ಕೆಡವುವ ಪ್ರಯತ್ನವೂ ನಡೆದಿದೆ. ಒಹಾಯೊ ಸಂಸ್ಥಾನದ ಕೊಲಂಬಸ್ ನಗರದಲ್ಲಿ ಲಾರೆನ್ ಬಕಾಲೆಟ್ಸ್ ಎಂಬ ವಿದುಷಿಯೂ ಆಕೆಯ ಸಹೋದ್ಯೋಗಿಗಳೂ, ಲೋಳೆಯ ಕೋಟೆಗೆ ಹಂದರವಾಗಿರುವುದು ಕ್ರಿಮಿಗಳೇ ಹೊರಚೆಲ್ಲಿದ ಡಿಎನ್‌ಎ ಎಳೆಗಳೆಂದೂ, ಆ ಎಳೆಗಳ ಗಂಟುಗಳನ್ನು ಹಿಡಿದಿರುವುದು ಒಂದು ಬಗೆಯ ಪ್ರೋಟೀನೆಂದೂ ಕಂಡು, ಅದರ ವಿರುದ್ಧವಾದ ಪ್ರತಿಕಾಯವನ್ನು ೨೦೧೧ರಿಂದೀಚೆಗೆ ಚಿಂಚಿಲ್ಲಗಳಲ್ಲಿ ಪರೀಕ್ಷಿಸಿದ್ದಾರೆ. ಗಂಟು ಕಳಚಿದರೆ ಹಂದರ ಕುಸಿಯುವುದು. ಕುಸಿದೊಡನೆ ಹೊರಬಿದ್ದ ಕ್ರಿಮಿಗಳು ಸಾಧಾರಣ ಪ್ರಮಾಣದ ಔಷಧಕ್ಕೆ ಬಲಿಯಾಗುವುವು.

ಪ್ರಾಣಿಯಲ್ಲಿ ಕಂಡುದೆಲ್ಲ ಮಗುವಿಗೆ ಹಾಗೆಯೇ ಹೊಂದುವುದೆಂದು ತಿಳಿಯಬಾರದು. ಕೊನೆಯ ಮಾತನ್ನು ಮಕ್ಕಳಲ್ಲಿಯೇ ಕೇಳಬೇಕು. ಫಿನ್ಲೆಂಡಿನಲ್ಲಿ ೩೧೯ ಎಳೆಯ ಮಕ್ಕಳನ್ನು ಪರೀಕ್ಷಿಸಿ ೨೦೧೧ರಲ್ಲಿ ಪ್ರಕಟಿಸಿದ ಫಲವಿದು: ಅಮಾಕ್ಸಿಸಿಲಿನ್ನನ್ನು ಕ್ಲಾವುಲನಿಕ್ ಆಮ್ಲದೊಡನೆ ಕೊಟ್ಟವರಲ್ಲಿ ಚಿಕಿತ್ಸೆ ಕೈಗೂಡದೆ ಹೋದುದು ೧೦೦ಕ್ಕೆ ಸುಮಾರು ೧೯, ಬರಿಯ ಸಕ್ಕರೆನೀರಿನಂಥ ಹುಸಿ ಔಷಧ ಕೊಟ್ಟವರಲ್ಲಿ ೧೦೦ಕ್ಕೆ ಸುಮಾರು ೪೫. ಔಷಧದ ಕೈ ಮೇಲಾಯಿತು. ಆದರೆ ಔಷಧ ಪಡೆದವರಲ್ಲಿ ಭೇದಿಯೂ ಹೆಚ್ಚಾಗಿದ್ದಿತು. ಹುಸಿ ಔಷಧದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಚೇತರಿಸಿಕೊಂಡರೆಂಬುದನ್ನೂ ಗಮನಿಸಬೇಕು. ಆದುದರಿಂದಲೇ ಎರಡು ವರ್ಷ ದಾಟಿದ ಮಗುವಿಗೆ ಒಂದೇ ಕಿವಿಯಲ್ಲಿ ಸ್ವಲ್ಪ ನೋವಿದ್ದು ಜ್ವರ ಹೆಚ್ಚಿಲ್ಲದಿದ್ದರೆ, ನೋವಿಗೆ ಮಾತ್ರ ಔಷಧ ಕೊಟ್ಟು ಎರಡು ಮೂರು ದಿನ ಕಾದು ನೋಡೋಣವೆಂದು ಡಾಕ್ಟರು ಹೇಳಬಹುದು. ಹಾಗೆ ಹೇಳಿದವರನ್ನು ಅಸಡ್ಡೆಯವರೆಂದು ಬಗೆದು, ಬೇರೆ ಅಂಗಡಿಯಲ್ಲಿ ತಾವೇ ಸೀಸೆ ಕೊಂಡು ತರುವುದು ಸಲ್ಲದು. ಇದಕ್ಕೆ ಪ್ರತಿಯಾಗಿ, ಎರಡು ವರ್ಷದ ಒಳಗಿನ ಮಗುವಿಗೆ ಕೊಟ್ಟ ಔಷಧವನ್ನು ಅಳು ನಿಂತಿತೆಂದು ಐದನೆಯ ದಿನ ನಿಲ್ಲಿಸುವುದೂ ಸಲ್ಲದು. ಪಿಟ್ಸ್‌ಬರ್ಗಿನವರು ೫೨೦ ಶಿಶುಗಳಲ್ಲಿ ಐದು ದಿನದ ಚಿಕಿತ್ಸೆಯನ್ನೂ ಹತ್ತು ದಿನದ ಚಿಕಿತ್ಸೆಯನ್ನೂ ಹೋಲಿಸಿ ೨೦೧೬ರಲ್ಲಿ ತಿಳಿಸಿದಂತೆ, ಐದು ದಿನದವರಲ್ಲಿ ೧೦೦ಕ್ಕೆ ೩೪ ಮಂದಿಗೂ ಹತ್ತು ದಿನದವರಲ್ಲಿ ೧೬ ಮಂದಿಗೂ ಗುಣವಾಗಲಿಲ್ಲ.

ಸೋರುವ ಕಿವಿಗೆ ಬೆಳ್ಳುಳ್ಳಿಯ ಬಿಸಿಯೆಣ್ಣೆಯನ್ನು ಹೊಯ್ಯುವ ರೂಢಿಯನ್ನು ಕುರಿತು ಒಂದು ಮಾತು. ಸೋರುವುದೆಂದರೆ ತಮಟೆಯಲ್ಲಿ ರಂಧ್ರವಾಗಿದೆ ಎಂದು ಅರ್ಥ. ಆ ರಂಧ್ರದಿಂದ ಎಣ್ಣೆಯು ನೇರವಾಗಿ ಆ ಮೂರು ಎಲುಬುಗಳ ಕೋಣೆಗೆ ಇಳಿಯುವುದು. ಪ್ರೀತಿಯಿಂದ ಮಾಡುವ ಉಪಚಾರವೇ ಆದರ ಅಪಾಯವನ್ನು ಮರೆಸುವುದು. ಮಲಗಿಸಿಕೊಂಡೇ ಸೀಸೆಯ ಹಾಲು ಕುಡಿಸುವುದರಿಂದಲೂ ಮನೆಯೊಳಗೆ ಬೀಡಿ ಸಿಗರೇಟುಗಳ ಹೊಗೆಯಿಂದಲೂ ಈ ರೋಗವು ಹೆಚ್ಚುವುದು. ತಾಯಿಯ ಹಾಲಿನಿಂದ ತಗ್ಗುವುದು. ನ್ಯೂಮೊಕಾಕಸಿನ ಲಸಿಕೆಯು ನಮ್ಮ ದೇಶದ ಶಿಶುಗಳಿಗೆ ಸರಕಾರದ ಕಾರ್ಯಕ್ರಮದಲ್ಲಿ ೨೦೧೭ರಿಂದ ಕೆಲವು ಪ್ರಾಂತಗಳಲ್ಲಿಯೂ ೨೦೨೧ರಿಂದ ದೇಶದಾದ್ಯಂತವೂ ವಿಸ್ತರಿಸಿತು. ಅಂಥ ಲಸಿಕೆಯು ಕಿವಿಯನ್ನು ಕಾಯಬಲ್ಲುದೇ ಎಂಬ ಮೊದಮೊದಲ ಪರೀಕ್ಷೆಗಳಲ್ಲಿಯೂ ಚಿಂಚಿಲ್ಲಗಳಿದ್ದುವು.

ಈ ಪ್ರಯೋಗಗಳ ಪ್ರಾಣಿಗಳ ಗತಿಯೇನೆಂದು ಕೇಳುವ ಓದುಗರು ಇರಬಹುದು, ಕೇಳತಕ್ಕ ಪ್ರಶ್ನೆಯೇ. ಸೂಜಿ ಚುಚ್ಚುವಾಗ ಅವುಗಳಿಗೆ ಅರಿವಳಿಕೆ ಕೊಡುವರು. ಸಂಸ್ಥೆಗಳಲ್ಲಿ ಇದನ್ನು ವಿಚಾರಿಸುವ ಸಮಿತಿಗಳಿವೆ. ಆದರೂ ಎಲುಬನ್ನೂ ಒಳಪೊರೆಯನ್ನೂ ನೋಡಬೇಕಾದಲ್ಲಿ ಕಡೆಗೆ ಪ್ರಾಣಿಯನ್ನು ನೋವಿಲ್ಲದಂತೆ ಕೊಲ್ಲಲೇಬೇಕಾಗುವುದು. ಅಹಿಂಸೆಯನ್ನು ಕೇಳುತ್ತ ಬೆಳೆದವರಿಗೆ ಈ ಮಾತು ಗಂಟಲಲ್ಲಿ ಇಳಿಯದು, ನನಗೂ ಇಳಿದಿಲ್ಲ. ನಿಲುವಂಗಿಗಾಗಿ ಕೊಂದುದಕ್ಕೂ ಕೂಸಿನ ಕಿವಿಗಾಗಿ ಕೊಂದುದಕ್ಕೂ ಭೇದವಿದೆಯೆಂದು ಮಾತ್ರ ಬಲ್ಲೆ.

ಕೊನೆಯದಾಗಿ ಒಂದು ಹೊಸ ಸುದ್ದಿ. ಬಾಯಿಂದ ಕೊಟ್ಟ ಔಷಧವು ಹೊಟ್ಟೆಯಿಂದ ರಕ್ತಕ್ಕೆ ಹೋಗಿ, ಮೈಯೆಲ್ಲ ಸುತ್ತಿ, ಕರುಳಿನ ನಿರಪರಾಧಿ ಕ್ರಿಮಿಗಳನ್ನೂ ಕೊಂದು, ಕಡೆಗೆ ಒಂದಂಶವು ಕಿವಿಯನ್ನು ಮುಟ್ಟುವುದು. ಹೊರಗಿವಿಯಲ್ಲಿ ಹಾಕುವ ತೊಟ್ಟುಮದ್ದು ಗಟ್ಟಿಯಾದ ತಮಟೆಯನ್ನು ದಾಟಲಾರದು. ಬಾಸ್ಟನ್ ನಗರದ ಮಕ್ಕಳ ಆಸ್ಪತ್ರೆಯ ಡೇನಿಯಲ್ ಕೊಹೇನ್, ರಾಂಗ್ ಯಾಂಗ್ ಮೊದಲಾದವರು ಸಿಪ್ರೊಫ್ಲಾಕ್ಸಸಿನ್ ಎಂಬ ಔಷಧವನ್ನು ಒಂದು ವಿಶೇಷವಾದ ದ್ರವದಲ್ಲಿ ಕೂಡಿಸಿದರು. ಕಿವಿಗೆ ಬಿಡುವಾಗ ನೀರಿನಂತಿದ್ದು, ಮೈಯ ಬಿಸಿಗೆ ತಮಟೆಯ ಮೇಲೆ ಹೆಪ್ಪುಗಟ್ಟಿ ನಿಲ್ಲುವುದು. ಅದರೊಳಗಿನ ಸಹಾಯಕ ಪದಾರ್ಥಗಳು ತಮಟೆಯ ಹೊರಪದರವನ್ನು ತಾತ್ಕಾಲಿಕವಾಗಿ ಸಡಿಲಿಸಿ ಔಷಧಕ್ಕೆ ದಾರಿಬಿಡುವುವು. ಒಂದೇ ಸಲ ಹಾಕಿದರೆ ಸಾಕು. ೨೦೧೬ರಲ್ಲಿ ಪ್ರಕಟವಾದಂತೆ, ಹೀಮೊಫಿಲಸಿನಿಂದ ಕಿವಿ ಕೆಟ್ಟ ಹತ್ತು ಚಿಂಚಿಲ್ಲಗಳಿಗೆ ಹತ್ತಕ್ಕೂ ಗುಣವಾಯಿತು. ಬರಿಯ ಸಿಪ್ರೊಫ್ಲಾಕ್ಸಸಿನ್ ತೊಟ್ಟುಮದ್ದು ಪಡೆದ ಎಂಟರಲ್ಲಿ ಐದಕ್ಕೆ ಮಾತ್ರ. ಪ್ರಾಣಿಗಳ ರಕ್ತದಲ್ಲಿ ಔಷಧದ ಸುಳಿವು ಸಿಕ್ಕಲಿಲ್ಲ. ಹತ್ತು ದಿನ ದಿನಕ್ಕೆರಡು ಬಾರಿ ಚಮಚ ಹಿಡಿದು ಮಗುವಿನ ಹಿಂದೆ ಓಡುವ ತಾಯಂದಿರಿಗೆ ಈ ಸುದ್ದಿ ಅಮೃತದಂತೆ ಕೇಳಿಸೀತು. ಆದರೆ ಚಿಂಚಿಲ್ಲದ ಕಿವಿತಮಟೆಯು ಬಲು ತೆಳ್ಳಗಿನದು. ಮನುಷ್ಯನ ತಮಟೆ ಅದರ ಹಲವು ಪಾಲು ದಪ್ಪ.